ಫೋನಿನೊಡನೆ ಬಂದ ಬ್ರೌಸರು

ಹೊಸದಾಗಿ ಕೊಂಡ ಮೊಬೈಲಿನಲ್ಲಿ ಕಂಪನಿಯವರೇ ತುಂಬಿ ಕಳುಹಿಸಿರುವ ಬ್ರೌಸರನ್ನು ಹಾಗೆಯೇ ಇಟ್ಟುಕೊಳ್ಳಬೇಕೇ, ಅಥವಾ ಬೇರೆಯವರು ತಯಾರಿಸಿದ ಬ್ರೌಸರೊಂದನ್ನು ಅದರ ಜಾಗದಲ್ಲಿ ಕೂರಿಸಬೇಕೇ? ನಿವೃತ್ತ ಮೇಷ್ಟರಿಗೆ ಈ ಉಸಾಬರಿ ಏಕೆ ಎಂದು ಕೇಳುವವರುಂಟು. ಆದರೆ ನನ್ನ ವಯಸ್ಸಿನವರ ಕೈಗೂ ಈಗ ಮೊಬೈಲು ಬಂದಿದೆ. ಪಿಂಚಣಿಯ ವಿವರ, ಪಹಣಿ, ಕರೆಂಟು ಬಿಲ್ಲು, ಮೊಮ್ಮಕ್ಕಳ ಪರೀಕ್ಷಾ ಫಲಿತಾಂಶ ಎಲ್ಲವನ್ನೂ ನಾವು ನೋಡುತ್ತಿರುವುದು ಆ ಸಣ್ಣ ಕಿಟಕಿಯ ಮೂಲಕವೇ. ಕಿಟಕಿ ಯಾರದು, ಅದರ ಗಾಜಿಗೆ ಯಾವ ಬಣ್ಣ ಬಳಿದಿದ್ದಾರೆ ಎಂದು ವಿಚಾರಿಸುವುದು ಅಧಿಕಪ್ರಸಂಗವೆಂದು ನನಗೆ ಅನಿಸುವುದಿಲ್ಲ.

ಕನ್ನಡ ಓದುಗನಿಗಂತೂ ಈ ಪ್ರಶ್ನೆ ಹೊಸದಲ್ಲ. ಹದಿನೈದು ವರ್ಷಗಳ ಹಿಂದೆ ಮೊಬೈಲಿನಲ್ಲಿ ಕನ್ನಡ ಓದಲು ಪಟ್ಟ ಪಾಡನ್ನು ನೆನಪಿಟ್ಟವರು ನನ್ನ ಮಾತನ್ನು ಒಪ್ಪುತ್ತಾರೆ. ಆಗಿನ ಫೋನುಗಳಲ್ಲಿ ಯಾವ ಕನ್ನಡ ಜಾಲತಾಣವನ್ನು ತೆರೆದರೂ ಕಾಣುತ್ತಿದ್ದುದು ಸಾಲುಸಾಲು ಚೌಕಗಳು, ಖಾಲಿ ಬೆಂಕಿಪೊಟ್ಟಣಗಳನ್ನು ಜೋಡಿಸಿಟ್ಟಂತೆ. ಕೆಲವು ಫೋನುಗಳಲ್ಲಿ ಅಕ್ಷರವೇನೋ ಮೂಡುತ್ತಿತ್ತು. ಆದರೆ ಒತ್ತು ಒಂದು ಕಡೆ, ಗುಣಿತ ಇನ್ನೊಂದು ಕಡೆ. ಮೂರನೆಯ ತರಗತಿಯ ಮಗುವೂ ಹಾಗೆ ಬರೆಯಲಾರದು.

ಇದರ ಕಾರಣವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ವ್ಯಾಕರಣ ಕಲಿಸಿದವನಿಗೆ ಇಲ್ಲಿ ಒಂದು ಸಂತೋಷವೂ ಇದೆ. ‘ಸೂರ್ಯ’ ಎಂಬ ಪದವನ್ನೇ ನೋಡಿ. ಯೂನಿಕೋಡ್ ಕ್ರಮದಲ್ಲಿ ಅದು ಐದು ಸಂಕೇತಗಳಾಗಿ ಸಂಗ್ರಹವಾಗುತ್ತದೆ: ಸಕಾರ, ದೀರ್ಘ ಊಕಾರದ ಚಿಹ್ನೆ, ರಕಾರ, ಹಲಂತ, ಯಕಾರ. ನಾವು ಉಚ್ಚರಿಸುವ ಕ್ರಮವೂ ಇದೇ. ಆದರೆ ಬರಹದಲ್ಲಿ ಯಕಾರವು ಮುಂದೆ ಬಂದು, ರಕಾರವು ಅರ್ಕಾವತ್ತಿನ ರೂಪ ತಾಳಿ ಅದರ ಬಲಕ್ಕೆ ಕುಳಿತುಕೊಳ್ಳಬೇಕು. ‘ಸ್ತ್ರೀ’ ಎಂದಾಗ ತಕಾರ, ರಕಾರಗಳೆರಡೂ ಕೆಳಗಿಳಿಯಬೇಕು, ದೀರ್ಘವು ಕೊನೆಯಲ್ಲಿ ನಿಲ್ಲಬೇಕು. ‘ರ‍್ಯಾಂಕು’ ಎಂದು ಬರೆಯಬೇಕಾದರೆ ಅರ್ಕಾವತ್ತು ಬರಬಾರದೆಂದು ತಿಳಿಸುವ, ಕಣ್ಣಿಗೆ ಕಾಣದ ಇನ್ನೊಂದು ಸಂಕೇತವನ್ನು ನಡುವೆ ಸೇರಿಸಬೇಕು. ಇಂಗ್ಲಿಷಿನ ಅಕ್ಷರಗಳು ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳಂತೆ ಒಂದರ ಪಕ್ಕ ಒಂದು ನಿಲ್ಲುತ್ತವೆ. ನಮ್ಮವು ಒಂದರ ಹೆಗಲೇರಿ, ಒಂದರ ಕಾಲಡಿ ಕುಳಿತು ಪದವಾಗುತ್ತವೆ. ಈ ಜೋಡಣೆಯನ್ನು ಮಾಡುವುದಕ್ಕೆ ಫಾಂಟು ಇದ್ದರೆ ಸಾಲದು, ಅಕ್ಷರ ಜೋಡಿಸುವ ತಂತ್ರಾಂಶವೂ ಬೇಕು. ಆಗಿನ ಫೋನುಗಳಲ್ಲಿ ಎರಡೂ ಇರಲಿಲ್ಲ. ಇಂದು ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್ ಎಲ್ಲವೂ ಈ ಕೆಲಸಕ್ಕೆ ಬಳಸುವುದು ‘ಹಾರ್ಫ್‌ಬಜ್’ ಎಂಬ ಮುಕ್ತ ತಂತ್ರಾಂಶವನ್ನು. ಆ ಹೆಸರು ಪಾರಸಿ ಮೂಲದ್ದು. ಹರ್ಫ್ ಎಂದರೆ ಅಕ್ಷರ, ಬಾಜ್ ಎಂದರೆ ತೆರೆದದ್ದು. ಕನ್ನಡದ ಅರ್ಕಾವತ್ತನ್ನು ಪಾರಸಿ ಹೆಸರಿನ ತಂತ್ರಾಂಶವೊಂದು ಸರಿಯಾದ ಜಾಗದಲ್ಲಿ ಕೂರಿಸುತ್ತಿದೆ ಎಂಬ ಸಂಗತಿ ನನಗೆ ಬಹಳ ಇಷ್ಟ.

ಆ ಚೌಕಗಳ ಕಾಲದಲ್ಲಿ ನಮ್ಮ ನೆರವಿಗೆ ಬಂದದ್ದು ಫೋನಿನೊಡನೆ ಬಂದ ಬ್ರೌಸರಲ್ಲ, ಹೊರಗಿನವರದು. ನಾರ್ವೆ ದೇಶದ ಕಂಪನಿಯೊಂದರ ‘ಒಪೆರಾ ಮಿನಿ’ 2006ರಲ್ಲಿ ಜಗತ್ತಿಗೆಲ್ಲ ದೊರೆಯುವಂತಾಯಿತು. ಪುಟವನ್ನು ಫೋನು ನೇರವಾಗಿ ತರುತ್ತಿರಲಿಲ್ಲ. ಕಂಪನಿಯ ಸರ್ವರು ತರಿಸಿ, ಕುಗ್ಗಿಸಿ, ಫೋನಿಗೆ ಕಳುಹಿಸುತ್ತಿತ್ತು. ಅದರ ವಿಳಾಸದ ಪಟ್ಟಿಯಲ್ಲಿ ಒಪೆರಾ ಕೋಲನ್ ಕಾನ್‌ಫಿಗ್ ಎಂದು ಬರೆದರೆ ಒಂದು ಗುಟ್ಟಿನ ಪುಟ ತೆರೆದುಕೊಳ್ಳುತ್ತಿತ್ತು. ಅಲ್ಲಿ ಸಂಕೀರ್ಣ ಲಿಪಿಗಳನ್ನು ಚಿತ್ರರೂಪದಲ್ಲಿ ತೋರಿಸಬೇಕೇ ಎಂಬ ಪ್ರಶ್ನೆ ಇರುತ್ತಿತ್ತು. ‘ಹೌದು’ ಎಂದು ಉಳಿಸಿದರೆ ಆಯಿತು. ಅಕ್ಷರಗಳನ್ನು ಸರ್ವರಿನಲ್ಲೇ ಜೋಡಿಸಿ, ಚಿತ್ರವಾಗಿ ಮಾಡಿ ಕಳುಹಿಸುತ್ತಿದ್ದರು. ಫೋನಿಗೆ ಕನ್ನಡ ಬರಬೇಕಾಗಿಯೇ ಇರಲಿಲ್ಲ. 2010ರ ಸುಮಾರಿಗೆ ಹಳೆಯ ವಿದ್ಯಾರ್ಥಿಯೊಬ್ಬ ನನ್ನ ಗುಂಡಿ ಒತ್ತುವ ಫೋನಿನಲ್ಲಿ ಇದನ್ನು ಮಾಡಿಕೊಟ್ಟ. ಅಂದು ಅಂಗೈಯಲ್ಲಿ ಮೂಡಿದ ಕನ್ನಡದ ಸಾಲುಗಳನ್ನು ನೋಡಿ ನಾನು ಅನುಭವಿಸಿದ ಆನಂದವನ್ನು ಇಂದಿನ ಹುಡುಗರಿಗೆ ವಿವರಿಸುವುದು ಕಷ್ಟ. ಆಮೇಲೆ ಎಷ್ಟು ಜನ ಸಹೋದ್ಯೋಗಿಗಳ ಫೋನುಗಳಲ್ಲಿ ಆ ‘ಹೌದು’ ಒತ್ತಿದೆನೋ ಲೆಕ್ಕವಿಲ್ಲ. ಆಂಡ್ರಾಯ್ಡ್‌ನಲ್ಲಿ ಕನ್ನಡ ತಾನಾಗಿಯೇ ಮೂಡುವಂತಾದದ್ದು 2012ರ 4.1ನೆಯ ಆವೃತ್ತಿಯಿಂದ, ಕನ್ನಡ, ತೆಲುಗು, ಮಲಯಾಳಂ ಮೂರೂ ಒಟ್ಟಿಗೆ ಬಂದವು. ಅಲ್ಲಿಯವರೆಗೆ ಎಷ್ಟೋ ಕನ್ನಡಿಗರ ಪಾಲಿಗೆ ಹೊರಗಿನ ಬ್ರೌಸರೇ ಗತಿ.

ಹಾಗೆಂದು ಬ್ರೌಸರು ಬದಲಿಸಿದ ಮಾತ್ರಕ್ಕೆ ಎಲ್ಲವೂ ಸರಿಹೋಗುತ್ತದೆ ಎಂದು ಭಾವಿಸಬಾರದು. 2018ರ ಫೆಬ್ರುವರಿಯಲ್ಲಿ ತೆಲುಗಿನ ‘ಜ್ಞಾ’ ಅಕ್ಷರ ಒಂದು ವಿಶೇಷ ಸಂಕೇತದೊಡನೆ ಬಂದರೆ ಐಫೋನಿನ ತಂತ್ರಾಂಶಗಳು ಕುಸಿದು ಬೀಳುತ್ತಿದ್ದವು. ಬೇರೆ ಬೇರೆ ಕಂಪನಿಗಳ ತಂತ್ರಾಂಶಗಳಿಗೂ ಅದೇ ಗತಿಯಾಯಿತು. ದೋಷವಿದ್ದದ್ದು ಅವೆಲ್ಲದರ ತಳದಲ್ಲಿದ್ದ, ಅಕ್ಷರ ಜೋಡಿಸುವ ಪದರದಲ್ಲಿ. ಆಪಲ್ ಕೆಲವೇ ದಿನಗಳಲ್ಲಿ ಅದನ್ನು ಸರಿಪಡಿಸಿತು. ಜ್ಞಾನದ ಮೊದಲಕ್ಷರಕ್ಕೆ ಅಷ್ಟು ಬೆಲೆಬಾಳುವ ಯಂತ್ರ ತಲೆತಿರುಗಿ ಬಿದ್ದದ್ದು ಆಗ ಒಳ್ಳೆಯ ನಗೆಹನಿಯಾಗಿತ್ತು.

ಕಂಪ್ಯೂಟರಿನಲ್ಲಿ ಈ ಜಗಳ ಮೊಬೈಲಿಗಿಂತ ಹಿಂದಿನದು. ಮೈಕ್ರೋಸಾಫ್ಟ್ ತನ್ನ ಇಂಟರ್‌ನೆಟ್ ಎಕ್ಸ್‌ಪ್ಲೋರರನ್ನು ವಿಂಡೋಸ್‌ನೊಡನೆ ಅಂಟಿಸಿ ನೆಟ್‌ಸ್ಕೇಪನ್ನು ಮೂಲೆಗುಂಪು ಮಾಡಿತೆಂದು ಅಮೆರಿಕ ಸರ್ಕಾರ 1998ರಲ್ಲಿ ಮೊಕದ್ದಮೆ ಹೂಡಿತು. ಕಂಪನಿಯನ್ನು ಎರಡಾಗಿ ಒಡೆಯಬೇಕೆಂದು 2000ದಲ್ಲಿ ಬಂದ ತೀರ್ಪು ಮರುವರ್ಷ ಮೇಲ್ಮನವಿಯಲ್ಲಿ ಬಿದ್ದುಹೋಯಿತು; ಏಕಸ್ವಾಮ್ಯವನ್ನು ಅಕ್ರಮವಾಗಿ ಕಾಪಾಡಿಕೊಂಡಿತೆಂಬ ನಿರ್ಣಯ ಮಾತ್ರ ನಿಂತಿತು. ಸ್ಪರ್ಧೆಯಿಲ್ಲದ ಆ ವರ್ಷಗಳಲ್ಲಿ ಏನಾಯಿತೆಂಬುದನ್ನು ಬಲ್ಲವರು ಬಲ್ಲರು. ಎಕ್ಸ್‌ಪ್ಲೋರರಿನ 6ನೆಯ ಆವೃತ್ತಿ 2001ರಲ್ಲಿ ಬಂತು, 7ನೆಯದು 2006ರಲ್ಲಿ. ಐದು ವರ್ಷ ಜಗತ್ತು ಒಂದೇ ಕಿಟಕಿಯಲ್ಲಿ ಇಣುಕಿತು. 2004ರಲ್ಲಿ ಫೈರ್‌ಫಾಕ್ಸ್ ಬಾರದೇ ಹೋಗಿದ್ದರೆ 7ನೆಯ ಆವೃತ್ತಿಗೆ ಇನ್ನೆಷ್ಟು ವರ್ಷ ಕಾಯಬೇಕಾಗುತ್ತಿತ್ತೋ. ಏಕಪರೀಕ್ಷಾರ್ಥಿಗೆ ಪ್ರಥಮ ಸ್ಥಾನ ಖಚಿತ ತಾನೆ, ಅವನು ಓದುವುದಾದರೂ ಏಕೆ?

ಈಗ ಸುರಕ್ಷತೆಯ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಮೊಬೈಲು ಒಬ್ಬರ ಕೈಯಲ್ಲಿ ಸಾಯುವುದಿಲ್ಲ. ಮಗ ಹೊಸದನ್ನು ಕೊಂಡಾಗ ಹಳೆಯದು ಅಪ್ಪನಿಗೆ, ಅಪ್ಪನಿಂದ ಅತ್ತೆಗೆ, ಅಲ್ಲಿಂದ ಮನೆಗೆಲಸದವರ ಮಗಳ ಆನ್‌ಲೈನ್ ಪಾಠಕ್ಕೆ. ಹೀಗೆ ಕೈ ಬದಲಾಯಿಸುವ ಫೋನಿಗೆ ತಯಾರಕರಿಂದ ಸುಧಾರಣೆಗಳು ಬರುವುದು ಎಂದೋ ನಿಂತುಹೋಗಿರುತ್ತದೆ. 2015ರ ಜನವರಿಯಲ್ಲಿ ಒಂದು ಸಂಗತಿ ಬಯಲಾಯಿತು. ಆಂಡ್ರಾಯ್ಡ್ 4.3 ಮತ್ತು ಅದಕ್ಕಿಂತ ಹಳೆಯ ಫೋನುಗಳಲ್ಲಿ ಪುಟಗಳನ್ನು ತೋರಿಸುವ ಮೂಲಭಾಗದ ದೋಷಗಳನ್ನು ತಾನಿನ್ನು ಸರಿಪಡಿಸುವುದಿಲ್ಲವೆಂದು ಗೂಗಲ್ ತಿಳಿಸಿತ್ತು. ಅಂತಹ ಫೋನಿನಲ್ಲಿ ಒಳಗಿದ್ದ ಬ್ರೌಸರು ಹಳಸಿದ ಅನ್ನ. ಅಂಗಡಿಯಿಂದ ಬೇರೆಯಾಗಿ ಇಳಿಸಿಕೊಂಡ ಕ್ರೋಮ್, ಫೈರ್‌ಫಾಕ್ಸ್‌ಗಳಿಗೆ ಮಾತ್ರ ಹೊಸ ತೇಪೆಗಳು ದೊರೆಯುತ್ತಿದ್ದವು. ಐದು ವರ್ಷಗಳ ಬಳಿಕ, 2020ರ ನವೆಂಬರಿನಲ್ಲಿ, ಇನ್ನೊಂದು ಪ್ರಸಂಗ. ಜಗತ್ತಿನ ಕೋಟ್ಯಂತರ ಜಾಲತಾಣಗಳಿಗೆ ಉಚಿತವಾಗಿ ಸುರಕ್ಷತಾ ಪ್ರಮಾಣಪತ್ರ ಕೊಡುವ ‘ಲೆಟ್ಸ್ ಎನ್‌ಕ್ರಿಪ್ಟ್’ ಸಂಸ್ಥೆ ಎಚ್ಚರಿಕೆ ನೀಡಿತು. 7.1.1ಕ್ಕಿಂತ ಹಳೆಯ ಆಂಡ್ರಾಯ್ಡ್ ಫೋನುಗಳು ತನ್ನ ಹೊಸ ಮೂಲಪತ್ರವನ್ನು ಗುರುತಿಸಲಾರವು, 2021ರಲ್ಲಿ ಅವು ಅಂತಹ ತಾಣಗಳನ್ನು ತೆರೆಯಲು ನಿರಾಕರಿಸಬಹುದು ಎಂದಿತು. ಪರಿಹಾರವಾಗಿ ಅದು ಸೂಚಿಸಿದ್ದು ಫೈರ್‌ಫಾಕ್ಸನ್ನು ಹಾಕಿಕೊಳ್ಳಿರೆಂದು. ನಂಬಬಹುದಾದ ಮೂಲಪತ್ರಗಳ ಪಟ್ಟಿಯನ್ನು ಆ ಬ್ರೌಸರು ಫೋನಿನಿಂದ ಎರವಲು ಪಡೆಯದೆ ತನ್ನೊಡನೆಯೇ ಹೊತ್ತು ತರುತ್ತದೆ. ಮುಂದೆ ಸಂಸ್ಥೆಯೇ ಬೇರೊಂದು ದಾರಿ ಹುಡುಕಿ ಗಂಡಾಂತರವನ್ನು ಮೂರು ವರ್ಷ ಮುಂದೂಡಿತು. ಬಡವರ ಕೈಯ ಹಳೆಯ ಫೋನಿಗೆ ಹೊರಗಿನ ಬ್ರೌಸರು ಷೋಕಿಯಲ್ಲ, ಆಯುಷ್ಯವೃದ್ಧಿ.

ಫೋನು ತಯಾರಿಸುವವರೇ ತಮ್ಮ ಹೆಸರಿನಲ್ಲಿ ತುರುಕುವ ಬ್ರೌಸರುಗಳದು ಬೇರೆಯೇ ಕಥೆ. ಅಗ್ಗದ ಫೋನುಗಳಲ್ಲಿ ಇವು ಹೆಚ್ಚು. ತೆರೆದೊಡನೆ ಸಿನಿಮಾ ನಟಿಯರ ಸುದ್ದಿ, ಕೊಲೆಯ ವಾರ್ತೆ, ಐದು ನಿಮಿಷದಲ್ಲಿ ಸಾಲ. ಯಾವುದೋ ಪುಟ ‘ಸೂಚನೆ ಕಳುಹಿಸಲೇ?’ ಎಂದು ಕೇಳಿದಾಗ ಅರಿಯದೆ ‘ಆಗಲಿ’ ಒತ್ತಿದರೆ ಮುಗಿಯಿತು. ಮರುದಿನದಿಂದ ಗಂಟೆಗೊಂದು ಘಂಟಾನಾದ. ನನ್ನೊಡನೆ ಇಪ್ಪತ್ತೆರಡು ವರ್ಷ ಕೆಲಸ ಮಾಡಿದ ಗಣಿತದ ಮೇಷ್ಟರೊಬ್ಬರು ಹೀಗೆ ಬಂದ ‘ನಿಮ್ಮ ಖಾತೆ ಸ್ಥಗಿತವಾಗಲಿದೆ’ ಎಂಬ ಸೂಚನೆಯನ್ನು ಬ್ಯಾಂಕಿನದೆಂದೇ ನಂಬಿ, ಕೇಳಿದ್ದನ್ನೆಲ್ಲ ತುಂಬಿಸಿ, ಹದಿನೆಂಟು ಸಾವಿರ ರೂಪಾಯಿ ಕಳೆದುಕೊಂಡರು. ಲೆಕ್ಕದಲ್ಲಿ ಒಂದು ಪೈಸೆ ತಪ್ಪದ ಮನುಷ್ಯ. ಹಣಕ್ಕಿಂತ ಹೆಚ್ಚಾಗಿ ಅವರು ನೊಂದದ್ದು, ಮನೆಯಲ್ಲಿ ಮಕ್ಕಳು ‘ಅಪ್ಪನಿಗೆ ಇನ್ನು ಫೋನು ಕೊಡಬಾರದು’ ಎಂದದ್ದಕ್ಕೆ. ಕಿತ್ತುಕೊಳ್ಳಬೇಕಾದದ್ದು ಅಪ್ಪನ ಫೋನನ್ನಲ್ಲ, ಆ ಫೋನಿನೊಳಗಿನ ಆ ಬ್ರೌಸರನ್ನು ಎಂದು ನಾನು ಅವರ ಮಗನಿಗೆ ಹೇಳಿದೆ. ಅದನ್ನು ತೆಗೆಯಲು ಹೋದರೆ ತೆಗೆಯುವ ಆಯ್ಕೆಯೇ ಇರಲಿಲ್ಲ! ನಿಷ್ಕ್ರಿಯಗೊಳಿಸಿ, ಸೂಚನೆಗಳನ್ನು ಬಾಯಿಮುಚ್ಚಿಸಿ, ಬೇರೊಂದನ್ನು ಮುಖ್ಯ ಬ್ರೌಸರಾಗಿ ನಿಲ್ಲಿಸಿ ಬಂದೆವು.

ಆದರೆ ಹೊರಗಿನದೆಲ್ಲ ಒಳ್ಳೆಯದೆಂಬ ಭ್ರಮೆಯೂ ಬೇಡ. ಯುಸಿ ಬ್ರೌಸರು ಒಂದು ಕಾಲಕ್ಕೆ ನಮ್ಮ ದೇಶದ ಉದ್ದಗಲಕ್ಕೂ ಹಬ್ಬಿತ್ತು. ಡೇಟಾ ಉಳಿಸುತ್ತದೆ, ವೇಗವಾಗಿದೆ ಎಂದು ನಮ್ಮೂರಿನ ಆಟೋ ಚಾಲಕರಿಂದ ಹಿಡಿದು ಕಾಲೇಜು ಹುಡುಗರವರೆಗೆ ಎಲ್ಲರೂ ಅದನ್ನೇ ಹಾಕಿಕೊಂಡಿದ್ದರು. ಬಳಕೆದಾರರ ಹುಡುಕಾಟದ ಪದಗಳನ್ನೂ ಫೋನಿನ ಗುರುತಿನ ಸಂಖ್ಯೆಗಳನ್ನೂ ಅದು ಸರಿಯಾದ ರಕ್ಷಣೆಯಿಲ್ಲದೆ ಸಾಗಿಸುತ್ತಿದೆ ಎಂದು ಕೆನಡಾದ ಸಿಟಿಜನ್ ಲ್ಯಾಬ್ 2015ರಲ್ಲಿಯೇ ವರದಿ ಮಾಡಿತ್ತು. ಕೊನೆಗೆ 2020ರ ಜೂನ್ 29ರಂದು ಭಾರತ ಸರ್ಕಾರ ನಿಷೇಧಿಸಿದ 59 ಚೀನೀ ತಂತ್ರಾಂಶಗಳಲ್ಲಿ ಅದೂ ಒಂದಾಯಿತು. ನಾನು ಹೊಗಳಿದ ಒಪೆರಾ ಮಿನಿಯಲ್ಲಿಯೂ ಪುಟಗಳೆಲ್ಲ ಅನ್ಯರ ಸರ್ವರಿನ ಮೂಲಕ ಹಾದುಬರುತ್ತಿದ್ದುದರಿಂದ ಬ್ಯಾಂಕಿನ ವ್ಯವಹಾರಕ್ಕೆ ಅದು ಸಲ್ಲುತ್ತಿರಲಿಲ್ಲ. ಲೇಖನ ಓದುವುದಕ್ಕೆ ಸರಿ, ಪಾಸ್‌ಬುಕ್ಕು ಬಿಚ್ಚುವುದಕ್ಕಲ್ಲ.

ಇನ್ನು ಐಫೋನಿನ ವಿಚಾರ. ಅಲ್ಲಿ ಕ್ರೋಮ್ ಹಾಕಿಕೊಂಡೆ, ಫೈರ್‌ಫಾಕ್ಸ್ ಹಾಕಿಕೊಂಡೆ ಎಂದು ಹಿಗ್ಗುವವರಿಗೆ ಹೇಳಬೇಕಾದ ಮಾತೊಂದಿದೆ. ಹೆಸರು ಯಾವುದಾದರೂ ಇರಲಿ, ಒಳಗಿನ ಯಂತ್ರ ಆಪಲ್‌ನವರ ವೆಬ್‌ಕಿಟ್ಟೇ ಆಗಿರಬೇಕೆಂಬುದು ಅವರ ನಿಯಮ. ಬೋರ್ಡು ಬೇರೆ, ಅಡುಗೆಮನೆ ಒಂದೇ. ಮುಖ್ಯ ಬ್ರೌಸರನ್ನು ಬದಲಿಸಿಕೊಳ್ಳುವ ಅವಕಾಶ ಬಂದದ್ದೂ 2020ರಲ್ಲಿ, ಐಫೋನು ಹುಟ್ಟಿ ಹದಿಮೂರು ವರ್ಷವಾದ ಮೇಲೆ. ಐರೋಪ್ಯ ಒಕ್ಕೂಟದಲ್ಲಿ ಹೊಸ ಕಾನೂನಿನ ಒತ್ತಾಯದಿಂದ 2024ರ ಮಾರ್ಚಿನಲ್ಲಿ ಬೇರೆ ಯಂತ್ರಗಳಿಗೆ ಬಾಗಿಲು ತೆರೆಯಿತು. ಫೋನಿನಲ್ಲಿ ಬ್ರೌಸರುಗಳ ಪಟ್ಟಿಯನ್ನು ಮುಂದಿಟ್ಟು ‘ಯಾವುದು ಬೇಕು?’ ಎಂದು ಕೇಳುವ ಪುಟವೂ ಬಂತು. ಕೇಳಿದೊಡನೆ ಅಲ್ಲಿ ಹಲವು ಸಣ್ಣ ಬ್ರೌಸರುಗಳು ತಮ್ಮ ಬಳಕೆದಾರರು ಹೆಚ್ಚಿದರೆಂದು ಹೇಳಿಕೊಂಡವು. ಜನರಿಗೆ ಆಯ್ಕೆ ಬೇಡವೆಂದಲ್ಲ, ಅವರನ್ನು ಯಾರೂ ಕೇಳಿರಲಿಲ್ಲ.

ಕೇಳದಿರುವುದಕ್ಕೆ ಕಾರಣ ಹಣ. ಸಫಾರಿಯಲ್ಲಿ ಹುಡುಕಾಟವೆಂದರೆ ಗೂಗಲ್ಲೇ ಆಗಿರಬೇಕೆಂದು ಗೂಗಲ್ ಸಂಸ್ಥೆ ಆಪಲ್‌ಗೆ 2022ರಲ್ಲಿ ಕೊಟ್ಟ ಮೊತ್ತ 2,000 ಕೋಟಿ ಡಾಲರ್ ಎಂದು ಅಮೆರಿಕದ ನ್ಯಾಯಾಲಯದ ದಾಖಲೆಗಳಿಂದ ಹೊರಬಿತ್ತು. ನಾವು ಕೈಯಿಂದ ಮುಟ್ಟದೆ ಹಾಗೆಯೇ ಬಿಡುವ ಒಂದು ಸೆಟ್ಟಿಂಗಿನ ಬೆಲೆ ಅದು! ನಮ್ಮ ಆಲಸ್ಯ ಇಷ್ಟು ದುಬಾರಿಯೆಂದು ನಾನೆಂದೂ ಎಣಿಸಿರಲಿಲ್ಲ. 2024ರ ಆಗಸ್ಟಿನಲ್ಲಿ ನ್ಯಾಯಾಧೀಶ ಅಮಿತ್ ಮೆಹ್ತಾ ಅವರು ಹುಡುಕಾಟದಲ್ಲಿ ಗೂಗಲ್ ಅಕ್ರಮ ಏಕಸ್ವಾಮ್ಯ ನಡೆಸಿದೆಯೆಂದು ತೀರ್ಪಿತ್ತರು. 2025ರ ಸೆಪ್ಟೆಂಬರಿನಲ್ಲಿ ಪರಿಹಾರ ಸೂಚಿಸುವಾಗ, ಕ್ರೋಮನ್ನು ಮಾರಿಬಿಡಬೇಕೆಂಬ ಸರ್ಕಾರದ ಬೇಡಿಕೆಯನ್ನು ಒಪ್ಪದೆ, ಬೇರೆಯವರಿಗೆ ಜಾಗವಿಲ್ಲದಂತೆ ಮಾಡುವ ಒಪ್ಪಂದಗಳನ್ನು ತಡೆದರು. ಸ್ವತಂತ್ರವೆನಿಸಿದ ಫೈರ್‌ಫಾಕ್ಸ್‌ನ ಹಿಂದಿರುವ ಮೊಜಿಲ್ಲಾದ ಆದಾಯದ ಬಹುಪಾಲು ಕೂಡ ಗೂಗಲ್‌ನಿಂದಲೇ ಬರುವುದು ಎಂಬುದನ್ನೂ ಇಲ್ಲಿ ಮುಚ್ಚಿಡಬಾರದು. ಒಪೆರಾ, ಬ್ರೇವ್, ಎಡ್ಜ್ ಮುಂತಾದವುಗಳ ಒಳಗಿರುವುದೂ ಗೂಗಲ್ ಬೆಳೆಸಿದ ಕ್ರೋಮಿಯಂ ಯಂತ್ರ.

ನಮ್ಮ ದೇಶದಲ್ಲಿ ಏನಾಯಿತು? ಆಂಡ್ರಾಯ್ಡ್ ಫೋನುಗಳಲ್ಲಿ ತನ್ನ ತಂತ್ರಾಂಶಗಳ ಗಂಟನ್ನೇ ಹೊರಿಸುತ್ತಿದೆ ಎಂಬ ಕಾರಣಕ್ಕೆ ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರಿನಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ವಿಧಿಸಿತು. 2023ರ ಮಾರ್ಚಿನಲ್ಲಿ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿಯಿತು, ಆದರೆ ಆಯೋಗದ ಕೆಲವು ನಿರ್ದೇಶನಗಳನ್ನು ತೆಗೆದುಹಾಕಿತು. ಮೊದಲೇ ತುಂಬಿಸಿ ಕೊಟ್ಟ ತಂತ್ರಾಂಶವನ್ನು ಬಳಕೆದಾರ ತೆಗೆದುಹಾಕಲು ಅಡ್ಡಿಪಡಿಸಬಾರದೆಂಬ ನಿರ್ದೇಶನವೂ ಹಾಗೆ ಹೋದವುಗಳಲ್ಲಿ ಸೇರಿತ್ತು. ನನ್ನ ದೃಷ್ಟಿಯಲ್ಲಿ ದಂಡಕ್ಕಿಂತ ಅದೇ ಮುಖ್ಯವಾಗಿತ್ತು. ಸಾವಿರ ಕೋಟಿ ಅವರಿಗೆ ದೊಡ್ಡದಲ್ಲ. ‘ತೆಗೆ’ ಎಂಬ ಗುಂಡಿ ನನ್ನ ಗಣಿತದ ಮೇಷ್ಟರಿಗೆ ದೊಡ್ಡದು.

ಹಾಗಾದರೆ ಸರ್ಕಾರವೇ ಕಾನೂನು ಮಾಡಿ ಒಳಗಿನ ಬ್ರೌಸರನ್ನು ಕಿತ್ತು ಹೊರಗಿನದನ್ನು ಇಡಿಸಲಿ ಎಂದು ಕೆಲವರು ಹೇಳುತ್ತಾರೆ. ಇದಕ್ಕೆ ನನ್ನ ಸಮ್ಮತಿಯಿಲ್ಲ. ರಷ್ಯಾ 2021ರ ಏಪ್ರಿಲಿನಿಂದ ಫೋನುಗಳಲ್ಲಿ ತನ್ನ ದೇಶದ ತಂತ್ರಾಂಶಗಳನ್ನು ಮೊದಲೇ ತುಂಬಿಸಬೇಕೆಂದು ಕಡ್ಡಾಯ ಮಾಡಿತು. ಅಲ್ಲಿ ಕಂಪನಿಯ ಹೇರಿಕೆಗೆ ಸರ್ಕಾರದ ಹೇರಿಕೆ ಜೊತೆಯಾಯಿತೇ ಹೊರತು ಪ್ರಜೆಗೆ ಸ್ವಾತಂತ್ರ್ಯವೇನೂ ಬರಲಿಲ್ಲ. ನಮ್ಮಲ್ಲಿಯೂ ‘ಸಂಚಾರ ಸಾಥಿ’ಯನ್ನು ಎಲ್ಲ ಹೊಸ ಫೋನುಗಳಲ್ಲಿ ತುಂಬಿಸಬೇಕೆಂಬ ಆದೇಶ 2025ರ ನವೆಂಬರಿನ ಕೊನೆಯಲ್ಲಿ ಹೊರಟು, ಜನರ ವಿರೋಧ ಕಂಡು ಕೆಲವೇ ದಿನಗಳಲ್ಲಿ ಹಿಂದಕ್ಕೆ ಹೋಯಿತು. ಒಳ್ಳೆಯದಾಯಿತು. ಭಾರತದ್ದೇ ಬ್ರೌಸರು ಬೇಕೆಂಬ ಆಸೆ ಬೇರೆ ಮಾತು. ಸರ್ಕಾರ 2023ರಲ್ಲಿ ಸ್ಪರ್ಧೆ ಏರ್ಪಡಿಸಿ, 2025ರಲ್ಲಿ ಚೆನ್ನೈ ಮೂಲದ ಜೋಹೋ ಸಂಸ್ಥೆಗೆ ಮೊದಲ ಬಹುಮಾನವಾಗಿ ಒಂದು ಕೋಟಿ ರೂಪಾಯಿ ಕೊಟ್ಟಿತು. ಆ ಸಂಸ್ಥೆಯ ‘ಉಲಾ’ ಸ್ವಂತ ಬಲದಿಂದ ಜನರನ್ನು ಗೆಲ್ಲಲಿ, ನಮಗೆ ಸಂತೋಷವೇ. ಹುಕುಂ ಮೂಲಕ ಮಾತ್ರ ಬರುವುದು ಬೇಡ.

ನಾನು ಬಯಸುವುದು ಇಷ್ಟು. ಫೋನು ಮೊದಲ ಸಲ ಚಾಲೂ ಆದಾಗ ಭಾಷೆ ಯಾವುದೆಂದು ಕೇಳುತ್ತದಲ್ಲ, ಅದೇ ಉಸಿರಿನಲ್ಲಿ ಬ್ರೌಸರು ಯಾವುದೆಂದೂ ಕೇಳಲಿ. ಕನ್ನಡ ಆರಿಸಿದವನಿಗೆ ಕನ್ನಡದಲ್ಲೇ ಕೇಳಲಿ. ಯಾವುದು ಕನ್ನಡದ ಗುಂಡಿ, ಕನ್ನಡದ ಸೂಚನೆಗಳೊಡನೆ ದೊರೆಯುತ್ತದೆಂಬುದನ್ನು ಪಕ್ಕದಲ್ಲಿ ಬರೆದಿರಲಿ. ಫೈರ್‌ಫಾಕ್ಸ್ ಕನ್ನಡದಲ್ಲಿದೆ, ಅದನ್ನು ಅನುವಾದಿಸಿದವರು ಸಂಬಳ ಪಡೆಯದ ಸ್ವಯಂಸೇವಕರು ಎಂಬುದು ಎಷ್ಟು ಕನ್ನಡಿಗರಿಗೆ ಗೊತ್ತು? ಬೇಡವೆಂದದ್ದನ್ನು ತೆಗೆದುಹಾಕುವ ಹಕ್ಕಿರಲಿ. ಆರಿಸಿದ್ದನ್ನು ಮುಂದಿನ ಸುಧಾರಣೆಯ ನೆಪದಲ್ಲಿ ಸದ್ದಿಲ್ಲದೆ ಬದಲಿಸದಿರಲಿ. 2013ರಲ್ಲಿ ಐರೋಪ್ಯ ಆಯೋಗ ಮೈಕ್ರೋಸಾಫ್ಟ್‌ಗೆ 56.1 ಕೋಟಿ ಯೂರೋ ದಂಡ ಹಾಕಿದ್ದು ಇಂತಹದೇ ಕಾರಣಕ್ಕೆ. ತಾನೇ ಒಪ್ಪಿಕೊಂಡಿದ್ದ ಆಯ್ಕೆಯ ಪುಟ ವಿಂಡೋಸ್ 7ರ ಒಂದು ಸುಧಾರಣೆಯಲ್ಲಿ ಕಾಣೆಯಾಗಿತ್ತು. ಒಂದು ವರ್ಷಕ್ಕೂ ಹೆಚ್ಚು ಕಾಲ ಅದು ಕಾಣಿಸಲೇ ಇಲ್ಲ.

ಅಲ್ಲಿಯವರೆಗೆ ನಮ್ಮ ವಯಸ್ಸಿನವರು ಮಾಡಬಹುದಾದದ್ದು ಕಷ್ಟದ ಕೆಲಸವಲ್ಲ. ಫೋನಿಗೆ ಸುಧಾರಣೆಗಳು ಇನ್ನೂ ಬರುತ್ತಿದ್ದರೆ, ಒಳಗಿನ ಬ್ರೌಸರು ಕ್ರೋಮೋ ಸಫಾರಿಯೋ ಆಗಿದ್ದರೆ, ಗಾಬರಿಪಟ್ಟು ಅದನ್ನು ಓಡಿಸಬೇಕಾಗಿಲ್ಲ. ಹಣದ ವ್ಯವಹಾರಕ್ಕೆ ಅದಿರಲಿ. ಓದುವುದಕ್ಕೆ ಜಾಹೀರಾತು ತಡೆಯುವ ಇನ್ನೊಂದನ್ನು ಇಟ್ಟುಕೊಳ್ಳಿ. ಆಂಡ್ರಾಯ್ಡ್‌ನಲ್ಲಿ ಫೈರ್‌ಫಾಕ್ಸ್‌ಗೆ ಅಂತಹ ಉಪಕರಣ ಸೇರಿಸಿಕೊಳ್ಳಬಹುದು. ನನ್ನ ಫೋನಿನಲ್ಲಿ ಹಾಗೆಯೇ ಇದೆ, ಕಣ್ಣಿಗೂ ಹಿತ, ಡೇಟಾಗೂ ಹಿತ. ಹಳೆಯ ಫೋನಾದರೆ ಇನ್ನೂ ತೇಪೆ ಪಡೆಯುತ್ತಿರುವ ಹೊರಗಿನ ಬ್ರೌಸರು ಬೇಕೇ ಬೇಕು. ತಯಾರಕರ ಹೆಸರಿನ ಸುದ್ದಿಸಂತೆಯ ಬ್ರೌಸರಾದರೆ ಇಂದೇ ನಿಷ್ಕ್ರಿಯಗೊಳಿಸಿ.

ಇಷ್ಟೆಲ್ಲ ಪ್ರಶ್ನೆ ಕೇಳಿದರೆ ವಯಸ್ಸಾದವರಿಗೆ ಗೊಂದಲವಾಗುತ್ತದೆ, ಅವರಿಗಾಗಿ ನಾವೇ ಆರಿಸಿಟ್ಟಿದ್ದೇವೆ ಎಂಬುದು ಕಂಪನಿಗಳ ಮಾಮೂಲಿ ಸಮರ್ಥನೆ. ಸಂತೆಯಲ್ಲಿ ಬದನೆಕಾಯಿಯ ಹತ್ತು ರಾಶಿಗಳ ನಡುವೆ ಬಗ್ಗಿ, ತೊಟ್ಟು ಹಿಡಿದು ತಿರುಗಿಸಿ, ಹುಳುವಿನ ತೂತು ಹುಡುಕಿ, ನಾಲ್ಕನ್ನು ಮಾತ್ರ ಆರಿಸಿ ತರುವ ಅಜ್ಜಿಯರನ್ನು ಈ ಮಹನೀಯರು ನೋಡಿಲ್ಲವೆಂದು ಕಾಣುತ್ತದೆ.